ಮಿತಿಯೊಳಗಿನ ನಿಮಿಷಗಳು

ಡೇಟಾ ಸೆಂಟರಿನಲ್ಲಿ ಅವಳನ್ನು ಎಲ್ಲರೂ ಪರಾಂಬರಿ ಅಕ್ಕ ಎಂದೇ ಕರೆಯುತ್ತಿದ್ದರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ದಿನಕ್ಕೆ ಹತ್ತು ಸಲ ಹೇಳಿ ಜೊತೆಯವರ ತಲೆ ತಿನ್ನುತ್ತಿದ್ದವಳು ಅವಳು. ಅಂಥವಳು ಒಂದೇ ಒಂದು ಸಲ ಪರಾಂಬರಿಸಲಿಲ್ಲ. ಅದರ ಫಲವನ್ನು ಮನೆಯಲ್ಲಿ ಅವಳ ಅತ್ತೆ ಉಣ್ಣುತ್ತಿದ್ದರು.

ಅಲ್ಲಿನ ಪ್ರತಿ ಯಂತ್ರಕ್ಕೂ ಎರಡು ಕಡೆಯಿಂದ ಕರೆಂಟು. ನೀಲಿ ವೈರು ಒಂದು ಲೈನಿನದು, ಕೆಂಪು ವೈರು ಇನ್ನೊಂದರದು. ಒಂದು ಲೈನನ್ನು ರಿಪೇರಿಗೆಂದು ಆರಿಸಿದರೆ ಇನ್ನೊಂದು ಪೂರ್ತಿ ಹೊರೆ ಹೊರಬೇಕು, ಕೆಲಸ ಒಂದು ಕ್ಷಣವೂ ನಿಲ್ಲಕೂಡದು. ಸೆಂಟರಿಗೆ ಸಿಕ್ಕಿದ್ದ ದರ್ಜೆಯ ಅರ್ಥವೇ ಅದು. ಆ ಭಾನುವಾರ ಬೆಳಿಗ್ಗೆ ನೀಲಿ ಲೈನನ್ನು ಆರಿಸುವ ಮುಂಚೆ ಅವಳು ಒಂದೊಂದೇ ಸಾಲು ನೋಡುತ್ತ ಬಂದಳು. ಆಂಬುಲೆನ್ಸಿಗೆ ಬರುವ ಕರೆಗಳನ್ನು ತೆಗೆದುಕೊಳ್ಳುವ ಯಂತ್ರದ ಹಿಂದೆ ಒಂದು ನೀಲಿ, ಒಂದು ಕೆಂಪು ವೈರು ಜಡೆ ಹೆಣೆದಷ್ಟು ಅಂದವಾಗಿ ಕಟ್ಟಿಸಿಕೊಂಡು ಕೆಳಗಿಳಿದಿದ್ದವು. ಅಂಥ ಕಟ್ಟು ಬಿಚ್ಚಲು ಯಾರಿಗೆ ಮನಸ್ಸು ಬರುತ್ತದೆ? ಬಣ್ಣ ನೋಡಿ ಸರಿ ಎಂದಳು. ಕೆಂಪು ಲೈನಿನಲ್ಲಿ ಪ್ಲಗ್ಗಿಗೆ ಜಾಗವಿಲ್ಲದ ಯಾವುದೋ ದಿನ, ಯಾರೋ ಕೆಂಪು ವೈರನ್ನೂ ನೀಲಿ ಲೈನಿಗೇ ಸಿಕ್ಕಿಸಿ ಹೋಗಿದ್ದರು. ಲೈನು ಆರಿತು, ಯಂತ್ರವೂ ಆರಿತು. ಮತ್ತೆ ಎಬ್ಬಿಸುವಷ್ಟರಲ್ಲಿ ಹದಿನೆಂಟು ನಿಮಿಷ ಕಳೆದಿತ್ತು.

ಮನೆಯಲ್ಲಿ ಮಾವ ಎದೆ ಹಿಡಿದುಕೊಂಡು ಕುಸಿದದ್ದೂ ಅದೇ ಹೊತ್ತಿಗೆ. ಅವಳ ಗಂಡ ಪರವೂರಿನಲ್ಲಿದ್ದ. ಅತ್ತೆ ಒಬ್ಬರೇ ಆಂಬುಲೆನ್ಸಿಗೆ ಫೋನು ಮಾಡಿದರು, ಮಾಡುತ್ತಲೇ ಇದ್ದರು. ಪಕ್ಕದ ಮನೆಯವರ ಕಾರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಂದಿನಿಂದ ಅತ್ತೆ ಊಟದ ಮೇಜಿನ ಮುಂದೆ ಕೂತು, ಸ್ವಿಚ್ ಆಫ್ ಮಾಡಿಟ್ಟ ಗುಂಡಿ ಫೋನಿನಲ್ಲಿ ಆ ನಂಬರನ್ನೇ ಒತ್ತಿ ಒತ್ತಿ ನೋಡುತ್ತಿದ್ದರು. ಬೆರಳು ಎಲ್ಲಿ ಜಾರಿತ್ತು ಎಂದು ಹುಡುಕುತ್ತಿದ್ದರು.

“ಕೈ ನಡುಗ್ತಿತ್ತಮ್ಮಾ. ಎಂಟು ಒತ್ತೋ ಕಡೆ ಐದು ಒತ್ತಿದೆ ಅನ್ಸುತ್ತೆ. ನನ್ನ ಕೈಯಾರೆ ಅವರನ್ನ ಕಳ್ಕೊಂಡೆ.”

“ಹಾಗೆಲ್ಲ ಅನ್ಬೇಡಿ ಅತ್ತೆ” ಎಂದಷ್ಟೇ ಹೇಳಿ ಸೊಸೆ ಬಡಿಸುತ್ತಿದ್ದಳು. ತಪ್ಪಿದ್ದು ಅತ್ತೆಯ ಬೆರಳಲ್ಲ, ತನ್ನ ಕಣ್ಣು ಎಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಅತ್ತೆಯ ಹೊರೆ ಇಳಿಯುತ್ತದೆ, ನಿಜ. ಆಮೇಲೆ ಈ ಮನೆಯಲ್ಲಿ ತನ್ನ ಮುಖ ನೋಡುವವರು ಯಾರು? ಅವಳು ಕೆಟ್ಟವಳಲ್ಲ, ಹೆದರಿದ್ದಳು ಅಷ್ಟೆ. ಆದರೆ ಹೆದರಿದವರ ಮೌನವೂ ಎದುರಿನವರನ್ನು ಸುಡುತ್ತದೆ.

ಮೂರು ವಾರ ಕಳೆದ ಮೇಲೆ ಆ ಹದಿನೆಂಟು ನಿಮಿಷದ ಬಗ್ಗೆ ಸೆಂಟರಿನ ವರದಿ ಸಿದ್ಧವಾಯಿತು. ಮಾವ ಹೋದ ಸುದ್ದಿ ಮ್ಯಾನೇಜರಿಗೆ ಗೊತ್ತಿತ್ತು, ಯಾವ ಹೊತ್ತಿಗೆ ಎನ್ನುವುದು ಗೊತ್ತಿರಲಿಲ್ಲ.

“ತಲೆ ಕೆಡಿಸ್ಕೋಬೇಡಿ. ನಮ್ಮ ದರ್ಜೆಗೆ ವರ್ಷಕ್ಕೆ ಒಂದೂವರೆ ಗಂಟೆ ನಿಂತ್ರೂ ನಡೆಯುತ್ತೆ. ನಿಂತಿದ್ದು ಹದಿನೆಂಟೇ ನಿಮಿಷ. ಎಲ್ಲಾ ಮಿತಿಯೊಳಗೇ ಇದೆ, ಒಂದು ಸಹಿ ಹಾಕ್ಬಿಡಿ.”

ಲೆಕ್ಕವೇನೋ ಚೊಕ್ಕವಾಗಿತ್ತು. ಇಡೀ ವರ್ಷದ ಮೇಲೆ ಹರಡಿದರೆ ಹದಿನೆಂಟು ನಿಮಿಷ ಕಣ್ಣಿಗೂ ಬೀಳುವುದಿಲ್ಲ. ಹೋಗುವ ಜೀವ ಹಾಗೆ ವರ್ಷವಿಡೀ ಹರಡಿಕೊಂಡು ಹೋಗುವುದಿಲ್ಲವಲ್ಲ! ನಾಳೆ ಹಾಕುತ್ತೇನೆಂದು ಹೇಳಿ ಅವಳು ಮನೆಗೆ ಬಂದಳು.

ಅತ್ತೆ ಮತ್ತೆ ಫೋನು ಹಿಡಿದು ಕೂತಿದ್ದರು. ಸೊಸೆ ಎದುರಿಗೆ ಕುರ್ಚಿ ಎಳೆದುಕೊಂಡಳು.

“ಅತ್ತೆ, ನೀವು ಒತ್ತಿದ ನಂಬರ್ ಸರಿಯಾಗೇ ಇತ್ತು. ಆ ಹೊತ್ತಲ್ಲಿ ಯಾರು ಒತ್ತಿದ್ರೂ ಸಿಗ್ತಿರ್ಲಿಲ್ಲ. ಆ ಯಂತ್ರ ಇರೋದು ನಮ್ಮಲ್ಲಿ. ಕರೆಂಟ್ ತೆಗೆಸಿದ್ದು ನಾನು. ವೈರು ಎಲ್ಲಿಗೆ ಹೋಗುತ್ತೆ ಅಂತ ಕೈಯಲ್ಲಿ ಹಿಡಿದು ನೋಡ್ಬೇಕಿತ್ತು, ನೋಡ್ಲಿಲ್ಲ.”

ಅತ್ತೆ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟರು.

“ನಾನು ಸರಿಯಾಗೇ ಒತ್ತಿದ್ನಾ?”

“ಸರಿಯಾಗೇ ಒತ್ತಿದ್ರಿ.”

ಅಷ್ಟು ದಿನ ಅಳದಿದ್ದ ಅತ್ತೆ ಈಗ ಬಿಕ್ಕಿ ಬಿಕ್ಕಿ ಅತ್ತರು. ಸೊಸೆ ಕೈ ಚಾಚಿದಳು. ಅವರು ಹಿಡಿಯಲಿಲ್ಲ.

“ನಿನ್ನ ತಪ್ಪು ಆಮೇಲಿನ ಮಾತು. ನಾನೇ ಕೊಂದೆ ಅಂತ ಮೂರು ವಾರ ಇಲ್ಲೇ ಕೂತಿದ್ದೆ. ನೀನು ಎದುರಿಗೇ ನಿಂತು ಬಡಿಸ್ತಿದ್ದೆಯಲ್ಲೇ!”

ಸೊಸೆಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

“ಆಗ ಇನ್ನೂ ಯಾರ್ಯಾರೋ ಫೋನ್ ಮಾಡಿರ್ತಾರಲ್ವಾ?”

“ಮಾಡಿರ್ತಾರೆ.”

“ಅವರಿಗೆಲ್ಲಾ ಹೇಳಿದ್ದೀರಾ?”

ಆ ಯೋಚನೆ ಅವಳಿಗೆ ಅದುವರೆಗೂ ಬಂದಿರಲಿಲ್ಲ. ಅವಳು ಎದ್ದು ತನ್ನ ಫೋನಿನಿಂದ ಮ್ಯಾನೇಜರಿಗೆ ಕರೆ ಮಾಡಿ, ಅತ್ತೆಗೂ ಕೇಳಿಸಲೆಂದು ಸ್ಪೀಕರಿಗೆ ಹಾಕಿದಳು.

“ಸರ್, ನಾನು ಸಹಿ ಹಾಕಲ್ಲ. ಅವತ್ತು ಯಾರ್ಯಾರು ಆಂಬುಲೆನ್ಸಿಗೆ ಫೋನ್ ಮಾಡಿದ್ರು ಅಂತ ಟೆಲಿಫೋನ್ ಕಂಪನಿಯವರನ್ನ ಕೇಳ್ಬೇಕು. ಅವರ ಮನೆಗಳಿಗೆಲ್ಲಾ ಹೋಗ್ಬೇಕು.”

“ಯಾಕ್ರೀ ಸುಮ್ನೆ ಮೈಮೇಲೆ ಎಳ್ಕೊಳ್ತೀರಾ? ಎಲ್ಲಾ ಮಿತಿಯೊಳಗೇ ಇದೆ ಅಂದ್ನಲ್ಲಾ.”

ಸೊಸೆ ಬಾಯಿ ತೆರೆಯುವ ಮುಂಚೆಯೇ ಅತ್ತೆ ಫೋನಿನ ಹತ್ತಿರ ಬಾಗಿದರು.

“ನಮ್ಮನೆಯವರೂ ಆ ಮಿತಿಯೊಳಗೇ ಹೋದ್ರು ಕಣಪ್ಪಾ. ಇನ್ನೆಷ್ಟು ಜನ ಹೋದ್ರು, ನೋಡಿ ಹೇಳು.”