ಬೈಸಿಕೊಳ್ಳದ ಮಗ

"ನಮ್ಮ ತಾಯಿ ಶಾಂತಮೂರ್ತಿ. ತೊಂಬತ್ತೊಂದು ವರ್ಷದ ಬಾಳಿನಲ್ಲಿ ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ," ಎಂದು ಸ್ಟೇಷನ್ ಮಾಸ್ಟರ್ ಹೇಳಿದ್ದೇ ತಡ, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಾಸ್ಟರ್ ಮಾತು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು. ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾದರೂ ಮನೆಯವರಿಗೂ ಬೀದಿಯವರಿಗೂ ಅವರು ಸ್ಟೇಷನ್ ಮಾಸ್ಟರೇ. ಅಮ್ಮ ತೀರಿಕೊಂಡು ತಿಂಗಳಾಗಿತ್ತು. ಅವಳನ್ನು ನೆನೆಯಲೆಂದು ನಡುಮನೆಯಲ್ಲಿ ಕುರ್ಚಿ ಹಾಕಿಸಿ ನಂಟರನ್ನೂ ನೆರೆಯವರನ್ನೂ ಕರೆದಿದ್ದರು. ಹಿರಿಯ ಮಗನಾಗಿ ತಾನು ಆಡುವ ನಾಲ್ಕು ಮಾತು ಅಮ್ಮನಿಗೆ ಒಪ್ಪುವಂತಿರಬೇಕು ಎಂಬುದೊಂದೇ ಅವರ ಆಸೆ. ವಾರದಿಂದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದರು. ಕನ್ನಡಿ ನಕ್ಕಿರಲಿಲ್ಲ.

"ಯಾರ ಬಗ್ಗೆ ಮಾತಾಡ್ತಿದೀಯ ಅಣ್ಣ?" ನಕ್ಕವಳು ಅವರ ತಂಗಿ, ಮಾರ್ಕೆಟ್ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. "ನಮ್ಮಮ್ಮ ಶಾಂತಮೂರ್ತಿನಾ? ನಾನು ಮೊದಲ್ನೇ ಸಲ ಲಂಗ ಹೊಲಿದಾಗ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಮಿಷನ್ ಸರಿ ಇಲ್ಲಮ್ಮ ಅಂದೆ. 'ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ! ಬಿಚ್ಚೇ, ಬಿಚ್ಚಿ ಮತ್ತೆ ಹೊಲಿ' ಅಂದ್ಲು. ಬೈತಾನೇ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಲು. ಇವತ್ತು ನನ್ನ ಅಂಗಡಿ ನಡೀತಿರೋದೇ ಆ ಬೈಗುಳದಿಂದ."

"ನನಗೆ ಬೈದದ್ದು ಕೇಳಿ," ಎಂದು ಡಾಕ್ಟರು ಎದ್ದರು. ಅವರಿಗಿಂತ ಮೊದಲು ಅವರ ಹೊಟ್ಟೆ ಎದ್ದಿತು ಎಂದರೂ ತಪ್ಪಿಲ್ಲ. "ಸಿಹಿ ಬಿಟ್ಬಿಡಿ ಅಜ್ಜಿ ಅಂದೆ. ನನ್ನನ್ನ ಮೇಲಿಂದ ಕೆಳಗೆ ನೋಡಿ, 'ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಮೊದಲು ನೀನು ಕರಗಿ ಬಾರೋ, ಆಮೇಲೆ ನಾನು ಬಿಡ್ತೀನಿ' ಅಂದ್ರು. ಅದೂ ನನ್ನ ಕಾಂಪೌಂಡರ್ ಎದುರಿಗೆ!"

ಆಮೇಲೆ ತಡೆಯುವವರೇ ಇಲ್ಲ. ಬಿಸಿಲಲ್ಲಿ ಬರಿತಲೆಯಲ್ಲಿ ಬಂದದ್ದಕ್ಕೆ ಅಮ್ಮನಿಂದ ಬೈಸಿಕೊಂಡು, ಅವಳ ಗಂಡನ ಹಳೆಯ ಟೋಪಿಯನ್ನು ತಲೆಗೆ ಹಾಕಿಸಿಕೊಂಡು ಹೋಗಿದ್ದ ಪೋಸ್ಟ್‌ಮ್ಯಾನ್ ಎದ್ದ. ಹಿಂದೆ ಇವರು ಬಾಡಿಗೆಗಿದ್ದ ಮನೆಯ ಮಾಲೀಕ, ನಲ್ಲಿ ರಿಪೇರಿ ಮಾಡಿಸದೆ ಬೀದಿಯೆಲ್ಲ ಕೇಳುವಂತೆ ಮಂಗಳಾರತಿ ಮಾಡಿಸಿಕೊಂಡದ್ದನ್ನು ತಾನೇ ಅಭಿನಯಿಸಿ ತೋರಿಸಿದ. ತನಗೆ ಸಿಕ್ಕಿದ್ದು ಬರೀ ಮಂಕುದಿಣ್ಣೆ ಎಂದು ಒಬ್ಬ ಸಪ್ಪೆ ಮೋರೆ ಮಾಡಿದರೆ, ತನಗೆ ಬೆಪ್ಪುತಕ್ಕಡಿಯೂ ಸಿಕ್ಕಿದೆ ಎಂದು ಇನ್ನೊಬ್ಬಳು ಎದೆಯುಬ್ಬಿಸಿದಳು. ಸಾವಿನ ಮನೆ ಮದುವೆಮನೆಯಾಯಿತು. ಅವಳು ಬದುಕಿದ್ದು ಹೀಗೇ, ಊರಿಗೆಲ್ಲ ಬೈದು, ಬೈಸಿಕೊಂಡವರಿಗೆಲ್ಲ ಉಣಬಡಿಸಿ.

ನಗದೆ ನಿಂತವರು ಮಾಸ್ಟರ್ ಒಬ್ಬರೇ.

"ನಿನಗೇನಂತಿದ್ಲು ಅಣ್ಣ, ಹೇಳು," ಎಂದಳು ತಂಗಿ.

"ನನಗೆ ಬೈದಿಲ್ಲ."

"ಸುಮ್ನಿರಣ್ಣ."

"ಕೆಲಸಕ್ಕೆ ಸೇರಿದ ಮೇಲೆ ಒಂದು ಸಲಾನೂ ಬೈದಿಲ್ಲ ಕಣೇ."

ಅದು ನಿಜ. ಅಪ್ಪ ಹೋದಾಗ ಅವರಿಗೆ ಹದಿನೆಂಟು. ಮರುತಿಂಗಳೇ ರೈಲ್ವೆ ಸೇರಿದರು. ಮೊದಲ ದಿನ ಡ್ಯೂಟಿ ಮುಗಿಸಿ ಬಂದಾಗ, ಅದುವರೆಗೂ "ಎಲ್ಲಿ ಹಾಳಾಗಿ ಹೋಗಿದ್ಯೋ" ಎನ್ನುತ್ತಿದ್ದ ಅಮ್ಮ ಬಾಗಿಲಿಗೆ ಬಂದು "ಬಂದ್ಯಾಪ್ಪ" ಎಂದಳು. ಅಂದು ಹೋದ 'ಓ' ಮತ್ತೆ ಬರಲಿಲ್ಲ. ತಂಗಿ ಬೈಸಿಕೊಂಡು, ಅತ್ತು, ಕೊನೆಗೆ ಅಮ್ಮನ ಮಡಿಲಲ್ಲೇ ನಿದ್ದೆಹೋಗುವುದನ್ನು ಅವರು ತಟ್ಟೆಯ ಮುಂದೆ ಕೂತು ನೋಡುತ್ತಿದ್ದರು. ಅವರಿಗೆ ಬಿಸಿ ಊಟ, ಒಗೆದ ಯೂನಿಫಾರ್ಮು, ಮರ್ಯಾದೆ. ಐವತ್ತು ವರ್ಷ ಬರೀ ಮರ್ಯಾದೆ.

"ನೀವೆಲ್ಲ ಅವಳ ಸ್ವಂತದವರು," ಎಂದರು ಮಾಸ್ಟರ್. ಮೂರು ಪ್ಲಾಟ್‌ಫಾರ್ಮಿಗೆ ಕೇಳುತ್ತಿದ್ದ ದನಿ ಮುಂದಿನ ಕುರ್ಚಿಗೂ ತಲುಪಲಿಲ್ಲ. "ನಾನು ಮನೆ ನಡೆಸಿದೋನು, ಅಷ್ಟೆ."

"ಬೈದಿಲ್ಲ ಅಂತ ನಿನಗ್ಯಾರು ಹೇಳಿದ್ರೋ?"

ಗೋಡೆಯ ಪಕ್ಕದಿಂದ ಮಾತಾಡಿದವಳು ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ, ಅವರ ಚಿಕ್ಕಮ್ಮ. ಅಕ್ಕನ ಅಡುಗೆಮನೆಯಲ್ಲೇ ಅರ್ಧ ಆಯುಷ್ಯ ಕಳೆದವಳು.

"ನಿನಗೆ ಬೈದಷ್ಟು ಅಕ್ಕ ಯಾರಿಗೂ ಬೈದಿಲ್ಲ ಕಣೋ. ನೀನು ಬಾಗಿಲು ದಾಟೋದನ್ನೇ ಕಾಯ್ತಿದ್ಲು. ನೀನು ಜ್ವರ ಇಟ್ಕೊಂಡು ಡ್ಯೂಟಿಗೆ ಹೋದ ದಿನ ಸೌಟು ಹಿಡ್ಕೊಂಡು ಕಿಟಕಿ ಕಡೆ ತಿರುಗಿ, 'ಲೋ ಗೂಬೆ, ನೀನೊಂದು ದಿನ ರಜ ಹಾಕಿದ್ರೆ ರೈಲೇನು ಹಳಿ ಬಿಟ್ಟು ಓಡಿಹೋಗುತ್ತೇನೋ? ಊರಿಗೆಲ್ಲ ಗಾಡಿ ಟೈಮ್ ಹೇಳ್ತೀಯ, ನಿನ್ನ ಹೊಟ್ಟೆ ಟೈಮ್ ಗೊತ್ತಿಲ್ವೇನೋ?' ಅಂತ ಶುರುಮಾಡಿದೋಳು ಹಾಲು ಉಕ್ಕಿದ್ರೂ ನಿಲ್ಲಿಸ್ಲಿಲ್ಲ. ಎದುರಿಗೇ ಬೈಯ್ಯೇ ಅಂದೆ. 'ಅಷ್ಟು ಚಿಕ್ಕ ಹೆಗಲ ಮೇಲೆ ಇಡೀ ಮನೆ ಇದೆ ಕಣೇ, ಇನ್ನು ನನ್ನ ಬಾಯೂ ಯಾಕೆ' ಅಂದ್ಲು. ಆಮೇಲೆ ಅದೇ ಅಭ್ಯಾಸ ಆಗೋಯ್ತು. ನಿನ್ನ ಪಾಲಿನ ಬೈಗುಳಾನೆಲ್ಲ ನಾನು ಕೇಳಿಸ್ಕೊಂಡೆ, ಐವತ್ತು ವರ್ಷ!"

ಕೋಣೆ ಗೊಳ್ಳೆಂದಿತು. ಮಾಸ್ಟರೂ ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ, ಹೊಟ್ಟೆ ಹಿಡಿದುಕೊಂಡು.

ತಂಗಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದಳು. ಜನ ಇನ್ನೂ ನಗುತ್ತಲೇ ಒಳಗೆ ಹೋದರು. ಮಾಸ್ಟರ್ ಮಾತ್ರ, ಇಸ್ತ್ರಿ ಮುದುಡುವುದನ್ನೂ ಲೆಕ್ಕಿಸದೆ ಚಿಕ್ಕಮ್ಮನ ಕುರ್ಚಿಯ ಬಳಿ ನೆಲದ ಮೇಲೆ ಕೂತರು.

"ಇನ್ನೊಂದ್ಸಲ ಹೇಳು ಚಿಕ್ಕಮ್ಮ."

"ಯಾವುದೋ?"

"ಅದೇ, 'ಲೋ ಗೂಬೆ' ಅನ್ನೋದು."

ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಂಟಲು ಸರಿಮಾಡಿಕೊಂಡು, ಅಕ್ಕನ ದನಿಯನ್ನೇ ಎತ್ತಿ ಮೊದಲಿನಿಂದ ಬೈಯತೊಡಗಿದಳು. ಅರವತ್ತೆಂಟರ ಮಗ ತಲೆ ತಗ್ಗಿಸಿ, ಕೈಕಟ್ಟಿಕೊಂಡು ಕೇಳುತ್ತಾ ಕೂತ.