ಅಂಗಡಿಯ ಜಿಂಕೆ

"ಮೊದಲ್ನೇ ಸಲಾನಾ ಅಮ್ಮಾ?" ಎಂದಳು ಮಾಂಸದಂಗಡಿಯ ಹುಡುಗಿ.

ಇಷ್‌ಬೆಲ್ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬಹಳ ಹೊತ್ತಾಗಿತ್ತು. ಬೆನ್ನ ಹಿಂದೆ ಸಾಲು ಬೆಳೆದಿತ್ತು. "ಹೌದು," ಎಂದಳು. ಅದು ಸುಳ್ಳೇನೂ ಅಲ್ಲ. ಅವಳು ಜಿಂಕೆಯ ಚರ್ಮ ಸುಲಿದಿದ್ದಳು, ಕೊಕ್ಕೆಗೆ ನೇತುಹಾಕಿದ್ದಳು, ತೊಡೆ ಬೇರೆ ಬೆನ್ನು ಬೇರೆ ಮಾಡಿ ನೆರೆಮನೆಗಳಿಗೆ ಹಂಚಿದ್ದಳು. ದುಡ್ಡು ಕೊಟ್ಟು ಕೊಂಡಿರಲಿಲ್ಲ, ಅಷ್ಟೇ. ಕಣಿವೆಯಲ್ಲಿದ್ದಾಗ ಜಿಂಕೆ ಮಾಂಸ ತೊರೆಯ ನೀರಿನ ಹಾಗೆ ಹಿತ್ತಿಲ ಬಾಗಿಲಿಗೇ ಬರುತ್ತಿತ್ತು. ಅದನ್ನು ಏನೆಂದು ಕೇಳಬೇಕು, ಎಷ್ಟು ಕೇಳಬೇಕು ಎನ್ನುವುದು ಈಗ ತೋಚುತ್ತಿರಲಿಲ್ಲ.

"ಹೆದರ್ಕೋಬೇಡಿ," ಎಂದಳು ಹುಡುಗಿ. "ಸ್ಟ್ಯೂ ಮಾಡೋದಾದ್ರೆ ಭುಜದ ತುಂಡು ತಗೊಳ್ಳಿ, ನಿಧಾನಕ್ಕೆ ಬೇಯ್ಲಿ. ರೋಸ್ಟ್‌ಗಾದ್ರೆ ತೊಡೆ. ಆದ್ರೆ ಕುರಿ ಥರ ಬೇಯಿಸ್ತಾ ಕೂತ್ಕೋಬೇಡಿ, ಇದ್ರಲ್ಲಿ ಕೊಬ್ಬಿಲ್ಲ, ಒಣಗಿ ಚಪ್ಪಲಿ ಆಗೋಗುತ್ತೆ. ಮೇಲೆ ಬೇಕನ್ ಹೊದಿಸಿ. ಒಳಗೆ ಕೆಂಪಿರೋವಾಗ್ಲೇ ಆಚೆ ತೆಗೆದು ಸ್ವಲ್ಪ ಹೊತ್ತು ಸುಮ್ನೆ ಬಿಟ್ಬಿಡಿ."

"ಈಸ್ಟರ್‌ಗೆ ಮುಂಚೆ ನಂಗೂ ಎರಡು ಸಾಸೇಜ್ ಸಿಗುತ್ತೇನಮ್ಮಾ?" ಎಂದ ಹಿಂದಿದ್ದ ಮುದುಕ. ಸಾಲು ನಕ್ಕಿತು.

ಇಷ್‌ಬೆಲ್ ಕೆಂಪಾದಳು. ಆದರೂ ಕೇಳಿದಳು: "ಗುಡ್ಡದ್ದಾ?"

"ಇಲ್ಲಮ್ಮ, ಬೇಲಿ ಹಾಕಿ ಸಾಕಿದ್ದು. ಅದಕ್ಕೇ ವರ್ಷಪೂರ್ತಿ ಸಿಗುತ್ತೆ. ಒಳ್ಳೇ ಎಳೇದು."

ತೊಡೆಯ ತುಂಡನ್ನು ಚೀಲದ ತಳದಲ್ಲಿಟ್ಟು, ಮೇಲೆ ಆಲೂಗಡ್ಡೆ ತುಂಬಿಕೊಂಡು ಅವಳು ಮನೆಗೆ ನಡೆದಳು.

ಕಣಿವೆ ಬಿಟ್ಟು ಡಿಂಗ್‌ವಾಲ್ ಪೇಟೆಯ ಈ ಮನೆಗೆ ಅವರು ಬಂದದ್ದು ಚಳಿಗಾಲದ ಮುಂಚೆ. ಗುಡ್ಡದ ಜಿಂಕೆಗಳನ್ನು ಎಣಿಸುವುದು, ಕಾಯುವುದು, ಋತು ಬಂದಾಗ ಆರಿಸಿ ಹೊಡೆಯುವುದು ಅವಳ ಗಂಡ ಫಾರ್ಕರ್‌ನ ಕೆಲಸವಾಗಿತ್ತು. ಮಂಡಿ ಕೈಕೊಟ್ಟಿತು, ಕೆಲಸ ಹೋಯಿತು. ಕಣಿವೆಯ ಮನೆ ಗುಡ್ಡದ ಧಣಿ ಆ ಕೆಲಸದ ಜೊತೆಗೆ ಕೊಟ್ಟದ್ದಾದ್ದರಿಂದ ಅದೂ ಹೋಯಿತು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂಗಡಿ ಕೋಳಿಗೆ ಹತ್ತಿಯ ರುಚಿ, ಅಂಗಡಿ ಮೀನಿಗೆ ಯಾವ ರುಚಿಯೂ ಇಲ್ಲ ಎಂದು ತಟ್ಟೆ ದೂಡುತ್ತಿದ್ದ. ಸಡಿಲವಾದ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದ. ಜಿಂಕೆ ಮಾಂಸ ತರಲೇ ಎಂದು ಒಮ್ಮೆ ಕೇಳಿದ್ದಕ್ಕೆ, "ನಮ್ಮನೇಲಿ ಜಿಂಕೆ ಕೊಂಡು ತಿನ್ನೋ ದಿನ ಬಂದ್ರೆ ಅದನ್ನ ನಾಯಿಗೆ ಹಾಕು, ನಾನು ಅದರ ಬಿಸ್ಕತ್ತು ತಿಂತೀನಿ," ಎಂದಿದ್ದ.

ಹೀಗಾಗಿ ಇಷ್‌ಬೆಲ್ ಸುಳ್ಳನ್ನು ಜೋಪಾನವಾಗಿ ಕಟ್ಟಿದಳು. ಅಂಗಡಿಯ ಕಾಗದವನ್ನು ಕಸದ ಡಬ್ಬಿಯಲ್ಲಿ ಆಲೂಗಡ್ಡೆ ಸಿಪ್ಪೆಯ ಅಡಿಗೆ ತುರುಕಿದಳು. ಮಾಂಸಕ್ಕೆ ಬಿಗಿದಿದ್ದ ದಾರದ ಗಂಟು ಅಂಗಡಿಯ ಗಂಟಿನಂತೆ ಕಂಡಿತು. ಬಿಚ್ಚಿ, ತನ್ನದೇ ದಾರದಿಂದ ಮತ್ತೆ ಕಟ್ಟಿದಳು. ಗುಡ್ಡದಿಂದ ಬಂದ ಮಾಂಸ ಹಳೇ ಬಟ್ಟೆಯಲ್ಲಿ ಸುತ್ತಿಕೊಂಡು ಬರಬೇಕು. ಅದಕ್ಕೂ ಒಂದು ತಲೆದಿಂಬಿನ ಚೀಲ ಹುಡುಕಿದಳು. ಯಾವುದನ್ನೂ ಮರೆತಿಲ್ಲ ತಾನೇ ಎಂದು ಮತ್ತೆ ಮತ್ತೆ ತನ್ನನ್ನೇ ಕೇಳಿಕೊಂಡಳು.

ಫಾರ್ಕರ್ ನಾಯಿಯನ್ನು ಸುತ್ತಾಡಿಸಿ ಬಂದಾಗ ಮಾಂಸ ಹಲಗೆಯ ಮೇಲಿತ್ತು.

"ಏನದು?"

"ಮಾರ್ಸಲಿ ಬಂದಿದ್ಳು. ನೀನಿರ್ಲಿಲ್ಲ. ಕೊಟ್ಟು ಹೋದ್ಳು."

ಫಾರ್ಕರ್‌ನ ಕೈಕೆಳಗೇ ಕೆಲಸ ಕಲಿತು ಅವನ ಜಾಗಕ್ಕೆ ಬಂದವಳು ಮಾರ್ಸಲಿ. ಗುಡ್ಡಕ್ಕೆ ಹೆಂಗಸೇ ಎಂದು ಧಣಿ ಮೂಗು ಮುರಿದಾಗ, "ಅವಳಿಗೆ ನಾನು ಜಾಮೀನು," ಎಂದು ಎದ್ದು ನಿಂತು ಹೇಳಿದವನು ಫಾರ್ಕರ್.

"ಓಹೋ, ಮುದುಕನ ನೆನಪಿದೆ ಅವಳಿಗೆ," ಎಂದು ಅವನು ಮಾಂಸವನ್ನು ಹೆಬ್ಬೆರಳಿಂದ ಒತ್ತಿ ನೋಡಿದ. ಮೂಸಿದ. ಆಮೇಲೆ ಯಾರೂ ಹೇಳದೆಯೇ ಚೂರಿ ಮಸೆಯಲು ಕುಳಿತ. ಆ ಸದ್ದು ಈ ಮನೆಯಲ್ಲಿ ಕೇಳಿಸಿದ್ದು ಅದೇ ಮೊದಲು.

ಅವಳು ತುಂಡಿನ ಮೈಯನ್ನೆಲ್ಲ ಬಿಸಿ ಕೊಬ್ಬಿನಲ್ಲಿ ಕಂದು ಬರುವಂತೆ ಹೊರಳಿಸಿದಳು. ಘಮದ ಜೂನಿಪರ್ ಕಾಯಿ ಜಜ್ಜಿ ಹಚ್ಚಿ, ಬೇಕನ್ ಹೊದಿಸಿ ಓವನ್ನಿಗೆ ಇಟ್ಟಳು. ಗುಡ್ಡದ ಗಟ್ಟಿ ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿದವಳಿಗೆ ಬೇಗ ತೆಗೆಯಲು ಮನಸ್ಸು ಬರಲಿಲ್ಲ. ಆದರೂ ಅಂಗಡಿಯ ಹುಡುಗಿಯ ಮಾತು ನಂಬಿ ತೆಗೆದಳು.

ಫಾರ್ಕರ್ ತಿಂದ. ಗ್ರೇವಿಯನ್ನು ಆಲೂಗಡ್ಡೆಯಲ್ಲಿ ಒರೆಸಿ ತಿಂದ. ಎರಡನೇ ಸಲ ತಟ್ಟೆ ಮುಂದೆ ಚಾಚಿದಾಗ ಇಷ್‌ಬೆಲ್ ದೊಡ್ಡ ತುಂಡನ್ನೇ ಕೊಯ್ದು ಬಡಿಸಿದಳು.

"ಬಾಯಲ್ಲಿ ಕರ್ಗೋಗುತ್ತಲ್ಲೇ, ಇಷ್‌ಬೆಲ್. ಎಳೇ ಹೆಣ್ಣು ಜಿಂಕೆ ಇದು. ಗಂಡು ಇಷ್ಟು ಮೆತ್ತಗಿರಲ್ಲ."

"ಇರಬಹುದಪ್ಪ."

"ಫ್ರೀಜರ್‌ನಲ್ಲಿ ಇಟ್ಟಿದ್ದೂ ಅಲ್ಲ. ಮಧ್ಯಾಹ್ನ ಒತ್ತಿ ನೋಡ್ದೆ, ಒಂದು ಹನಿ ನೀರು ಬಿಡ್ಲಿಲ್ಲ. ಹೊಡೆದು ಹೆಚ್ಚಂದ್ರೆ ಒಂದು ವಾರ…"

ಫೋರ್ಕು ನಿಂತಿತು. ಅವನು ಕಿಟಕಿಯ ಕಡೆ ನೋಡಿದ. ಪಕ್ಕದ ಮನೆಯ ಅಂಗಳದಲ್ಲಿ ವಸಂತದ ಡ್ಯಾಫೊಡಿಲ್ ಹೂಗಳು ಹಳದಿಯಾಗಿ ತೂಗುತ್ತಿದ್ದವು.

"ಇದು ಯಾವ ತಿಂಗಳು, ಇಷ್‌ಬೆಲ್?"

ಆಗ ಅವಳಿಗೆ ತಿಳಿಯಿತು. ಕಾಗದ, ಗಂಟು, ಬಟ್ಟೆ ಎಲ್ಲ ನೆನಪಿತ್ತು, ತಿಂಗಳು ನೆನಪಿರಲಿಲ್ಲ. ಈಗ ಮಾರ್ಚ್ ಕೊನೆ, ಫೆಬ್ರವರಿ ನಡುವಿಗೇ ಹೆಣ್ಣು ಜಿಂಕೆಯ ಬೇಟೆ ಮುಗಿಯುತ್ತದೆ. ಅಲ್ಲಿಂದಾಚೆ ಒಂದೊಂದರ ಹೊಟ್ಟೆಯಲ್ಲೂ ಮರಿ ಬಲಿಯುತ್ತಿರುತ್ತದೆ. ಕಾನೂನು ಹಾಗಿರಲಿ, ಗುಡ್ಡದ ಅನ್ನ ತಿಂದವರು ಯಾರೂ ಬಂದೂಕು ಎತ್ತುವುದಿಲ್ಲ. ಅವಳು ಬಾಳಿದ್ದೇ ಆ ಲೆಕ್ಕದಲ್ಲಿ. ಪೇಟೆಗೆ ಬಂದು ಕಳೆದದ್ದು ಒಂದೇ ಚಳಿಗಾಲ, ಅಷ್ಟರಲ್ಲಿ ಮರೆತಿದ್ದಳು.

"ಬಸುರೀನ ಹೊಡೆದಿದಾಳೆ," ಎಂದ ಫಾರ್ಕರ್. ಧ್ವನಿ ಏರಲಿಲ್ಲ. "ಹೊಡೆದು, ನಂಗೆ ತಂದು ತಿನ್ಸಿದಾಳೆ."

"ನೀನು ಸುಮ್ನೆ ಏನೇನೋ…"

"ಎದುರಿಗೆ ಬರಕ್ಕೆ ಮುಖ ಇರ್ಲಿಲ್ಲ. ಅದಕ್ಕೇ ನಾನಿಲ್ದೇ ಇರೋ ಹೊತ್ತು ನೋಡ್ಕೊಂಡು ಬಂದಿದಾಳೆ." ಅವನು ಮೇಜು ಹಿಡಿದು ಎದ್ದ. ಮಂಡಿ ಲಟಕ್ಕೆಂದಿತು. "ಅವಳೇ ಹೋಗಿ ಧಣಿ ಹತ್ರ ಒಪ್ಕೊಳ್ಳಿ. ಬಂದೂಕು ವಾಪಸ್ ಇಡ್ಲಿ. ಇಲ್ದಿದ್ರೆ ನಾನೇ ಹೇಳ್ತೀನಿ. ಜಾಮೀನು ನಿಂತೋನು ನಾನಲ್ವಾ?"

ಫೋನು ನಡುಮನೆಯ ಗೋಡೆಯ ಮೇಲಿತ್ತು. ಅವನು ಕುಂಟುತ್ತ ಹೋಗಿ, ಮನಸ್ಸಲ್ಲೇ ಇದ್ದ ಅಂಕಿಗಳನ್ನು ಒತ್ತತೊಡಗಿದ.

ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತ ಜಿಂಕೆಯಂತೆ ಎಂಬ ಇನ್ನೊಂದು ಸುಳ್ಳು ಇಷ್‌ಬೆಲ್‌ಳ ನಾಲಗೆಯ ತುದಿಗೆ ಬಂತು. ಅದನ್ನು ಹೇಳಿದರೂ ಅವನು ಮಾರ್ಸಲಿಯನ್ನೇ ಕೇಳುತ್ತಾನೆ. ಏನೂ ಹೇಳದಿದ್ದರೆ ಮಾರ್ಸಲಿಯ ಹೆಸರು ಹೋಗುತ್ತದೆ. ಗುಡ್ಡದಲ್ಲಿ ಒಮ್ಮೆ ಹೋದ ಹೆಸರು ಗುಡ್ಡ ಇರುವವರೆಗೂ ಬರುವುದಿಲ್ಲ.

"ಫಾರ್ಕರ್, ಇಡು ಅದನ್ನ. ಅವಳು ಬಂದಿರ್ಲಿಲ್ಲ."

ಆ ಕಡೆ ಫೋನು ರಿಂಗಾಗುತ್ತಿತ್ತು.

"ನಾನು ಕೊಂಡ್ಕೊಂಡು ಬಂದೆ. ಅಂಗಡೀಲಿ. ಬೇಲಿ ಒಳಗೆ ಸಾಕಿದ್ದು ಅದು. ಕುರಿ ಥರ. ಅದಕ್ಕೆ ಋತು ಗಿತು ಏನೂ ಇಲ್ಲ." ಅವಳ ಕೈಗಳು ಏಪ್ರನ್ನನ್ನು ಮುದ್ದೆ ಮಾಡುತ್ತಿದ್ದವು. "ನೀನು ಒಂದು ತುತ್ತು ತಿನ್ಲಿ ಅಂತ. ನಂಗೆ ಏನ್ ಬೇಕಾದ್ರೂ ಬಯ್ಯಿ. ಆದ್ರೆ ಅವಳನ್ನ ಬಯ್ಬೇಡ."

ಫಾರ್ಕರ್ ಅವಳನ್ನು ನೋಡಿದ. ಕೋಪ ಬರುತ್ತದೆ ಎಂದು ಅವಳು ಕಾದಳು. ಬಂದದ್ದು ಕೋಪವಲ್ಲ. ಅವನ ಮುಖ ಬಣ್ಣಗೆಟ್ಟಿತ್ತು.

"ಎಷ್ಟು ವರ್ಷ ಕಲಿಸಿದೀನಿ ಅವಳಿಗೆ," ಎಂದ ಮೆಲ್ಲಗೆ. "ಅವಳು ಹಂಗೆ ಮಾಡ್ತಾಳೆ ಅಂತ ಒಂದು ತುತ್ತಿಗೆ ನಂಬ್ಬಿಟ್ಟೆನಲ್ಲೇ ನಾನು."

"ಹಲೋ?" ಎಂದಿತು ಫೋನು. "ಫಾರ್ಕರ್ ಮಾವಾ? ನೀವೇನಾ? ಏನಾಯ್ತು? ಮಂಡಿ ನೋವಾ?"

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. "ಏನಿಲ್ಲಮ್ಮ," ಎಂದ. "ಸುಮ್ನೆ ಮಾಡ್ದೆ. ಹೆಣ್ಣು ಜಿಂಕೆಗಳೆಲ್ಲ ಹೆಂಗಿವೆ? ಕೆಳಗಿಳಿದಿವ್ಯಾ?"

ಆ ಕಡೆಯ ಧ್ವನಿ ಹುರುಪಿನಿಂದ ಶುರುವಾಯಿತು. ಉತ್ತರದ ಇಳಿಜಾರಿನಲ್ಲಿ ಇನ್ನೂ ಹಿಮ ಇದೆಯಂತೆ. ಹಿಂಡು ತೊರೆಯವರೆಗೂ ಬರುತ್ತಿದೆಯಂತೆ. ಫಾರ್ಕರ್ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೇಳತೊಡಗಿದ. ನಡುನಡುವೆ "ಹ್ಞೂಂ" ಎನ್ನುತ್ತಿದ್ದ.

ಇಷ್‌ಬೆಲ್ ಮೇಜಿನಿಂದ ಅವನ ಅರ್ಧ ತಿಂದ ತಟ್ಟೆಯನ್ನು ಎತ್ತಿಕೊಂಡಳು. ಗ್ರೇವಿ ಅಂಚಿನಲ್ಲಿ ಹೆಪ್ಪಾಗುತ್ತಿತ್ತು. ನಾಯಿ ಬಂದು ಅವಳ ಕಾಲ ಬಳಿ ಕುಳಿತು ತಟ್ಟೆಯನ್ನೇ ನೋಡಿತು. ಏನು ಮಾಡಬೇಕೆಂದು ತೋಚದೆ ಅವಳು ನಡುಮನೆಯ ಕಡೆ ತಿರುಗಿದಳು.

ಫಾರ್ಕರ್ ಕಣ್ಣು ತೆರೆದಿದ್ದ. ಫೋನು ಕಿವಿಯಲ್ಲಿರುವಂತೆಯೇ ತಟ್ಟೆ ಬಿಸಿಯಾಗಿರಲಿ ಎನ್ನುವಂತೆ ಗದ್ದ ಎತ್ತಿ ಓವನ್ನಿನ ಕಡೆ ತೋರಿಸಿದ.

ಅವಳು ತಟ್ಟೆಯನ್ನು ಒಳಗಿಟ್ಟು, ಆ ಕಡೆಯ ಮಾತಿಗೆ ಅಡ್ಡಿಯಾಗದಂತೆ, ಓವನ್ನಿನ ಬಾಗಿಲನ್ನು ಎರಡೂ ಕೈಯಿಂದ ಮೆಲ್ಲಗೆ ಮುಚ್ಚಿದಳು.