ತನು ಎರೆದ ಡಬ್ಬಿ

ಮುಚ್ಚಳ ತೆಗೆದ ಕೂಡಲೇ ಹುಳಿ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಯಶ್ಮಿತಾ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಿನ್ನೆಯವರೆಗೆ ಉದುರುದುರಾಗಿದ್ದ ಪುಡಿ ಗಂಜಿಯಂತಾಗಿತ್ತು. ಅದರ ಮೇಲೆ ಅರಿಶಿನದ ಗೆರೆ. ಎರಡು ಮೊಟ್ಟೆಗಳ ನಡುವೆ ಸೇವಂತಿಗೆಯ ಎಸಳು.

"ಅಮ್ಮಾ!"

"ಎಂಥ ಮಾರಾಯ್ತಿ ಬೊಬ್ಬೆ?" ಅಡುಗೆಮನೆಯಿಂದ ಲೀಲಾಕ್ಷಿಯ ದನಿ ಬಂತು.

"ಇದಕ್ಕೆ ಎಂಥ ಹಾಕಿದ್ದು ನೀನು?"

"ತನು ಎರೆದದ್ದು. ನಿನ್ನೆ ಪಂಚಮಿ ಅಲ್ವಾ?"

ನಾಗರಪಂಚಮಿಯ ದಿನ ಊರಿನಲ್ಲಿ ಕುಟುಂಬದ ನಾಗನ ಕಲ್ಲಿಗೆ ಹಾಲು, ಎಳನೀರಿನ ತನು ಎರೆಯುವುದು ಲೀಲಾಕ್ಷಿ ಹುಟ್ಟುವ ಮೊದಲಿನಿಂದ ನಡೆದು ಬಂದದ್ದು. ಪುಣೆಯ ಸದಾಶಿವ ಪೇಠೆಯ ತಮ್ಮ ಹೋಟೆಲನ್ನು ಬಿಟ್ಟು ಹೋಗಲಾಗದ ವರ್ಷಗಳಲ್ಲಿ ಅವಳು ಊರಿನ ತಮ್ಮನಿಗೆ ಹೇಳಿ ಎರೆಸುತ್ತಿದ್ದಳು. ಈ ಸಲ ಹೋಟೆಲಿನ ಮೇಲಿನ ಮನೆಯಲ್ಲಿಯೇ, ಮಗಳ ಬಟ್ಟೆಯ ಕಪಾಟಿನ ಪಕ್ಕದ ಗೂಡಿನಲ್ಲಿ ಅವಳಿಗೊಂದು ಜಾಗ ಕಂಡಿತ್ತು.

"ಇದು ಹಲ್ಲಿ ಮೊಟ್ಟೆ ಅಮ್ಮ. ಹಲ್ಲಿ! ಹಾವಿನದ್ದಲ್ಲ."

"ಹಲ್ಲಿ ಆದ್ರೆ ಎಂಥ? ನಾಗನಿಗೆ ಅದು ಸಂಬಂಧವೇ ಇಲ್ವಾ?"

ಯಶ್ಮಿತಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಧನಕವಡಿಯ ಕಾಲೇಜು ಹುಡುಗನೊಬ್ಬ ಪುಣೆ ಬಿಟ್ಟು ಹೋಗುವಾಗ ಕೊಟ್ಟ ಸಾಕುಹಲ್ಲಿ ಅದು. ಹಳದಿ ಮೈ, ಕಪ್ಪು ಚುಕ್ಕೆ, ಅಂಗೈ ಮೇಲೆ ಸುಮ್ಮನೆ ಕೂರುವ ಸ್ವಭಾವ. ಬರುವಾಗಲೇ ಗರ್ಭ ಕಟ್ಟಿತ್ತು. ಮೊಟ್ಟೆ ಇಟ್ಟ ಮೇಲೆ ತಿನ್ನಲು ಹಾಕಿದ ಹುಳು ಮುಟ್ಟದೆ ಒಣಗಿ ಸತ್ತಿತು. ಉಳಿದದ್ದು ಈ ಎರಡು ಮೊಟ್ಟೆ. ನರ್ಸರಿಯವರು ಗಿಡಗಳಿಗೆಂದು ಮಾರುವ ಹಗುರ ಹರಳುಪುಡಿಯನ್ನು ತಂದು, ನೀರು ಬೆರೆಸಿ, ಮೊಟ್ಟೆಗಳನ್ನು ಅರ್ಧ ಹೂತಿಟ್ಟು, ತಿರುಗದ ಹಾಗೆ ನೆತ್ತಿಗೆ ಪೆನ್ಸಿಲಿನಿಂದ ಚುಕ್ಕೆ ಇಟ್ಟಿದ್ದಳು. ಒಣಗಿದರೆ ಮೊಟ್ಟೆ ಗುಳಿ ಬೀಳುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದಳು. ಹೇಳಿದ್ದೇ ತಪ್ಪಾಯಿತು. ಹೋದ ವಾರ ಅಪ್ಪ, ಪಾಪ ಉಸಿರು ಕಟ್ಟುತ್ತದೆ ಎಂದು ಮುಚ್ಚಳ ತೆಗೆದಿಟ್ಟು ಹೋಗಿದ್ದ. ಒಂದು ಮೊಟ್ಟೆಗೆ ಗುಳಿ ಬಿದ್ದಿತ್ತು. ಈಗ ಅಮ್ಮನ ಸರದಿ.

ಬೆಳಗಿನ ಗಿರಾಕಿಗಳನ್ನು ಮುಗಿಸಿ ಕಾಂತಪ್ಪ ಮೆಟ್ಟಿಲು ಹತ್ತಿ ಬಂದ. ಹೆಗಲ ಟವೆಲಿನಲ್ಲಿ ಸಾಂಬಾರಿನ ವಾಸನೆ.

"ಎಂಥ ಗಲಾಟೆ? ಕೆಳಗೆ ಗಲ್ಲೆವರೆಗೆ ಕೇಳ್ತದೆ."

"ಅಮ್ಮ ಮೊಟ್ಟೆಗೆ ಹಾಲು ಹೊಯ್ದಿದ್ದಾಳೆ."

ಕಾಂತಪ್ಪ ಬಗ್ಗಿ ನೋಡಿ ನಕ್ಕ. "ಒಂಬತ್ತನೇ ಕ್ಲಾಸು ಬಿಟ್ಟಾಯ್ತು, ಹೊಲಿಗೆ ಬಿಟ್ಟಾಯ್ತು, ಪಾರ್ಲರಿನ ಕೆಲಸ ಬಿಟ್ಟಾಯ್ತು. ಈಗ ಹಲ್ಲಿಯ ಬಾಣಂತನ. ಅದಾದ್ರೂ ಮುಗಿಸ್ತಿ ಅಂತ ಇದ್ದೆ."

"ಮುಗಿಸ್ಲಿಕ್ಕೆ ನೀವು ಬಿಟ್ರೆ ಅಲ್ವಾ!"

ಅವಳ ದನಿ ಒಡೆಯಿತು. ಕಾಂತಪ್ಪನ ನಗು ನಿಂತಿತು. ಲೀಲಾಕ್ಷಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಯಾರು ಹೇಳಿದ್ದು ನಿನಗೆ ಎರೀಲಿಕ್ಕೆ?" ಯಶ್ಮಿತಾ ಅಮ್ಮನತ್ತ ತಿರುಗಿದಳು. " ಪುಟ್ಟು ಬೇಯಿಸುವ ಅಕ್ಕಿಹಿಟ್ಟಿನಷ್ಟು ತೇವ ಸಾಕು ಅಂತ ಎಷ್ಟು ಸಲ ಹೇಳಿದ್ದೇನೆ?"

"ಯಾರೂ ಹೇಳ್ಲಿಲ್ಲ." ಲೀಲಾಕ್ಷಿ ಸೌಟಿನ ತುದಿ ನೋಡಿದಳು. "ಇವಳು ಹಿಡಿದದ್ದು ಒಂದಾದ್ರೂ ಕೈಗೂಡ್ಲಿ ಅಂತ ಹೇಳಿಕೊಂಡು ಎರೆದದ್ದು."

ಯಶ್ಮಿತಾಳ ಸಿಟ್ಟು ಇಳಿಯಲಿಲ್ಲ. ಅದನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

"ಬೇರೆ ಡಬ್ಬಿ ಬೇಕು," ಎಂದಳು ಕೊನೆಗೆ.

ಕಾಂತಪ್ಪ ಕೆಳಗೆ ಹೋಗಿ ಪಾರ್ಸೆಲ್ ಕೊಡುವ ಡಬ್ಬಿಯೊಂದನ್ನು ತಂದ. ಮುಚ್ಚಳದ ತುಂಬ ಕಾದ ಸೂಜಿಯಿಂದ ತೂತು ಮಾಡಿದ್ದ.

"ಅಪ್ಪ, ಇದು ಜರಡಿ. ಇದರಲ್ಲಿ ತೇವ ನಿಲ್ಲುದು ಹೇಗೆ?"

"ಉಸಿರಾಡುದು ಬೇಡ್ವಾ ಅದಕ್ಕೆ?"

"ಎರಡು ತೂತು ಸಾಕು!"

ಗೊಣಗುತ್ತಾ ಅವನು ಮತ್ತೆ ಇಳಿದ. ಅಷ್ಟರಲ್ಲಿ ಲೀಲಾಕ್ಷಿ ಕೈ ತೊಳೆದು ಬಂದು, ಕೇಳದೆಯೇ ಹೊಸ ಪುಡಿಯನ್ನು ತಟ್ಟೆಗೆ ಸುರಿದುಕೊಂಡು, ನೀರು ಚಿಮುಕಿಸಿ ಬೆರಳ ತುದಿಯಲ್ಲಿ ಬೆರೆಸತೊಡಗಿದಳು. ಮುಷ್ಟಿ ಕಟ್ಟಿದಳು. ಉಂಡೆಯಾಯಿತು. ಬೆರಳ ಸಂದಿನಿಂದ ಒಂದು ಹನಿ ಜಾರಿತು.

"ಹೆಚ್ಚಾಯ್ತು," ಎಂದಳು ಯಶ್ಮಿತಾ.

ಇನ್ನೊಂದು ಹಿಡಿ ಒಣಪುಡಿ ಬಿತ್ತು. ಮತ್ತೆ ಮುಷ್ಟಿ. ಹನಿ ಬೀಳಲಿಲ್ಲ.

"ಈಗ?"

"ಹ್ಞೂಂ."

ಯಶ್ಮಿತಾ ಕಿಟಕಿ ಮುಚ್ಚಿದಳು. ಚಮಚವನ್ನು ಅಡಿಗೆ ತೂರಿಸಿ, ಚುಕ್ಕೆ ಮೇಲೆಯೇ ಇರುವಂತೆ, ಮೊದಲ ಮೊಟ್ಟೆಯನ್ನು ಎತ್ತಿದಳು. ಪಕ್ಕದಿಂದ ಮೊಬೈಲಿನ ಬೆಳಕು ಹಿಡಿದಳು. ಒಳಗೆಲ್ಲ ಮಂಕು ಹಳದಿ. ಗುಳಿ ಬಿದ್ದಿದ್ದ ಮೊಟ್ಟೆ ಅದು. ಅಡಿಭಾಗ ಮುಟ್ಟಿದರೆ ಕುಸಿಯುತ್ತಿತ್ತು. ಕಾಂತಪ್ಪ ಎರಡೇ ತೂತಿನ ಡಬ್ಬಿಯೊಂದಿಗೆ ಬಾಗಿಲಲ್ಲಿ ನಿಂತಿದ್ದ. ಯಶ್ಮಿತಾ ಅದನ್ನು ಬದಿಗಿಟ್ಟಳು.

ಎರಡನೆಯದಕ್ಕೆ ಬೆಳಕು ಹಿಡಿದಾಗ ಮೊಟ್ಟೆ ನಸುಗೆಂಪಾಗಿ ಹೊಳೆಯಿತು. ಅದರೊಳಗೆ ಎಳೆ ಎಳೆಯಾಗಿ ಕೆಂಪು ನರಗಳು, ಯಾರೋ ಸಣ್ಣ ಸೂಜಿಯಲ್ಲಿ ಕಸೂತಿ ಹಾಕಿದಂತೆ.

"ಉಂಟಾ?" ಲೀಲಾಕ್ಷಿ ಪಿಸುಗುಟ್ಟಿದಳು.

"ಉಂಟು."

ಕೈಮುಗಿಯಲು ಎತ್ತಿದ ಲೀಲಾಕ್ಷಿಯ ಕೈ ಅರ್ಧಕ್ಕೆ ನಿಂತು ಕೆಳಗಿಳಿಯಿತು. ಯಶ್ಮಿತಾ ಹತ್ತಿಯಿಂದ ಮೊಟ್ಟೆಯ ಹಾಲಿನ ಪಸೆ ಒತ್ತಿ ತೆಗೆದು, ಹೊಸ ಪುಡಿಯಲ್ಲಿ ಗುಂಡಿ ಮಾಡಿ ಇಟ್ಟಳು. ಕೆಟ್ಟದ್ದನ್ನು ಲೀಲಾಕ್ಷಿ ಬಾಳೆಲೆಯ ತುಂಡಿನಲ್ಲಿ ತೆಗೆದುಕೊಂಡು ಹೋಗಿ ತುಳಸಿಯ ಕುಂಡದಲ್ಲಿ ಹೂತಳು. ಸ್ವಲ್ಪ ಹೊತ್ತಿಗೆ ಕೆಳಗೆ ಕಾಂತಪ್ಪ, "ದೋನ್ ಇಡ್ಲಿ, ಏಕ್ ವಡಾ!" ಎಂದು ಕೂಗುವುದು ಕೇಳಿಸಿತು, ಎಂದಿಗಿಂತ ಮೆಲ್ಲಗೆ.

ಮರುದಿನ ಬೆಳಿಗ್ಗೆ ಯಶ್ಮಿತಾ ಹಾಸಿಗೆಯಲ್ಲಿದ್ದಾಗಲೇ ಅಮ್ಮನ ಬಳೆ ಸದ್ದಾಯಿತು. ತುಳಸಿಗೆ ನೀರು ಹಾಕಿ ಲೀಲಾಕ್ಷಿ ಗೂಡಿನ ಹತ್ತಿರ ಬಂದಿದ್ದಳು. ಡಬ್ಬಿಯ ಮುಚ್ಚಳದ ಒಳಮೈಗೆ ತೆಳುವಾಗಿ ಹಬೆ ಕಟ್ಟಿತ್ತು. ಚೊಂಬನ್ನು ದೂರ, ನೆಲದ ಮೇಲೆ ಇಟ್ಟಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ಕೈಯನ್ನು ಬೆನ್ನ ಹಿಂದೆ ಕಟ್ಟಿ, ಬಗ್ಗಿ, ನೋಡುತ್ತಾ ನಿಂತಳು.